ಹೋಮ್ ಥಿಯೇಟರ್‌ಗೆ ಸ್ಟೆಬಿಲೈಸರ್ ಬೇಕಾ, ಸರ್ಜ್ ಪ್ರೊಟೆಕ್ಟರ್ ಸಾಕಾ?

ಎರಡರ ಕೆಲಸವೂ ಬೇರೆ ಬೇರೆ. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತವನ್ನು ಸರಿ ಮಾಡುತ್ತದೆ, ಸರ್ಜ್ ಪ್ರೊಟೆಕ್ಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ನುಗ್ಗಿ ಬರುವ ಭಾರಿ ವೋಲ್ಟೇಜನ್ನು ತಡೆಯುತ್ತದೆ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ಓಡುತ್ತವೆ, ಅವಕ್ಕೆ ಸ್ಟೆಬಿಲೈಸರ್ ಸಾಮಾನ್ಯವಾಗಿ ಬೇಡ. ಆದರೆ ಎವಿ ರಿಸೀವರ್ (ಸ್ಪೀಕರ್‌ಗಳಿಗೆಲ್ಲ ಸೌಂಡ್ ಹಂಚುವ ಪೆಟ್ಟಿಗೆ), ಸಬ್‌ವೂಫರ್‌ಗಳಲ್ಲಿ ಎಷ್ಟೋ 230 ವೋಲ್ಟ್‌ಗೆ ಮಾತ್ರ ಮಾಡಿರುತ್ತಾರೆ. ಹಿಂದಿನ ಲೇಬಲ್ ಓದಿ, ಊರಲ್ಲಿ ಕರೆಂಟು ದಿನಾ ಏರಿಳಿಯುತ್ತಿದ್ದರೆ ಆಗ ಸ್ಟೆಬಿಲೈಸರ್ ಹಾಕಿ.

ಸರ್ಜ್ ಪ್ರೊಟೆಕ್ಟರ್ ಅಂತೂ ಬೇಕೇ ಬೇಕು. ಸುಮ್ನೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಅಲ್ಲ, ಜೂಲ್ ರೇಟಿಂಗ್ (ಎಷ್ಟು ಹೊಡೆತ ತಡೆದುಕೊಳ್ಳುತ್ತದೆ ಅನ್ನುವ ಅಳತೆ) ಬರೆದಿರುವಂಥದ್ದು. ಒಳಗೆ ಹೊಡೆತ ಹೀರಿಕೊಳ್ಳುವ ಎಂಒವಿ ಅನ್ನುವ ಬಿಡಿಭಾಗ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ, ಹಾಗಾಗಿ ಇಂಡಿಕೇಟರ್ ದೀಪ ಆರಿದರೆ ಬದಲಾಯಿಸಿ. ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಪೂರ್ತಿ ಕೆಲಸ ಮಾಡಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ನೋಡಿಸಿ.

ಸಿಡಿಲಿಗೆ ಮಾತ್ರ ಇದ್ಯಾವುದೂ ಗ್ಯಾರಂಟಿ ಅಲ್ಲ. ಮಲೆನಾಡಿನ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗೊತ್ತಲ್ವಾ, ಮೋಡ ಕಟ್ಟುತ್ತಿದ್ದಂತೆಯೇ ಪ್ಲಗ್ ಜೊತೆಗೆ ಡಿಶ್ ಕೇಬಲ್ಲು, ಇಂಟರ್ನೆಟ್ಟಿನ ಲ್ಯಾನ್ ವೈರು ಎಲ್ಲ ಕಿತ್ತಿಡಿ. ಡಿಶ್ ಕೇಬಲ್‌ನಿಂದ ಬಂದ ಹೊಡೆತ ಎಚ್‌ಡಿಎಂಐ ಮೂಲಕ ರಿಸೀವರ್‌ವರೆಗೂ ಹೋಗಬಹುದು.