ಒಂದೇ ಮ್ಯಾಚ್ ನೋಡಿ ಜೂನಿಯರ್ ಐಸ್ ಹಾಕಿ ಆಟಗಾರನನ್ನು ಸ್ಕೌಟ್‌ಗಳು ಹೇಗೆ ಅಳೆಯುತ್ತಾರೆ?

ನಿಮ್ಮ ಅಕ್ಕನ ಮಗನಿಗೆ 17 ವರ್ಷ, ಕೆನಡಾದ ಒಂಟಾರಿಯೋದಲ್ಲಿ ಒಂದು ಜೂನಿಯರ್ ಟೀಮಿಗೆ ಡಿಫೆನ್ಸ್ ಆಡುತ್ತಾನೆ ಅಂತ ಬರೆದಿದ್ದೀರಿ. ಟೀಮುಗಳಿಗಾಗಿ ಆಟಗಾರರನ್ನು ನೋಡಿ ವರದಿ ಕೊಡುವ ಸ್ಕೌಟ್‌ಗಳು ಬಂದಿದ್ದ ದಿನವೇ ಟೀಮು 5-1ರಲ್ಲಿ ಸೋತಿದೆ. ಅವನ ಹೆಸರಲ್ಲಿ ಗೋಲೂ ಇಲ್ಲ, ಅಸಿಸ್ಟೂ (ಗೋಲಿಗೆ ದಾರಿ ಮಾಡಿದ ಪಾಸ್) ಇಲ್ಲ. ಮನೆಯಲ್ಲಿ ಎಲ್ಲರೂ ಬೇಜಾರಾಗಿದ್ದಾರೆ. ಒಂದೇ ಮ್ಯಾಚ್ ನೋಡಿ ಹುಡುಗನನ್ನು ಅಳೆಯುವುದು ನ್ಯಾಯವಾ, ಅಳೆಯುವುದಾದರೂ ಹೇಗೆ ಅನ್ನೋದು ನಿಮ್ಮ ಪ್ರಶ್ನೆ.

ಬೇಜಾರು ಮಾಡಿಕೊಳ್ಳುವ ಕಾರಣ ಇಲ್ಲ. ಗೋಲು ಎಷ್ಟು, ಅಸಿಸ್ಟ್ ಎಷ್ಟು ಅಂತ ತಿಳಿಯಲು ಯಾರೂ ಹಿಮದಲ್ಲಿ ಗಾಡಿ ಓಡಿಸಿಕೊಂಡು ರಿಂಕ್‌ಗೆ ಬರುವುದಿಲ್ಲ. ಅದು ಮನೆಯಲ್ಲೇ ಫೋನಿನಲ್ಲಿ ಸಿಗುತ್ತದೆ. ಬರುವುದು ಹುಡುಗನ ಅಭ್ಯಾಸಗಳನ್ನು ನೋಡಲು. ಗೋಲು ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ. ಅಭ್ಯಾಸ ಮಾತ್ರ ಸೋತ ದಿನವೂ ಕಾಣುತ್ತದೆ. ನನ್ನನ್ನು ಕೇಳಿದರೆ ಸೋತ ದಿನವೇ ಜಾಸ್ತಿ ಕಾಣುತ್ತದೆ.

ನಾನಿರುವುದು ಒಂಟಾರಿಯೋದ ವಾಟರ್‌ಲೂನಲ್ಲಿ. ಚಳಿಗಾಲದಲ್ಲಿ ಆಫೀಸ್ ಮುಗಿಸಿ ಸುತ್ತಮುತ್ತಲಿನ ರಿಂಕ್‌ಗಳಿಗೆ ಹೋಗಿ, ಒಂದು ಜೂನಿಯರ್ ಟೀಮಿಗೆ ಆಟಗಾರರ ವರದಿ ಬರೆದುಕೊಡುತ್ತೇನೆ. ಪಾರ್ಟ್ ಟೈಮ್ ಕೆಲಸ. ದೊಡ್ಡ ತೀರ್ಮಾನಗಳೆಲ್ಲ ನನ್ನ ಮೇಲಿನವರದು. ಆದರೆ ರಿಂಕ್‌ನಲ್ಲಿ ಕೂತು ಏನು ನೋಡಬೇಕು ಅನ್ನೋದನ್ನು ಧೈರ್ಯವಾಗಿ ಹೇಳಬಲ್ಲೆ.

ಒಂದು ಲೆಕ್ಕದಿಂದ ಶುರು ಮಾಡೋಣ. ಮ್ಯಾಚ್ 60 ನಿಮಿಷ, ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪೀರಿಯಡ್. ಒಬ್ಬ ಒಳ್ಳೆಯ ಡಿಫೆನ್ಸ್‌ಮನ್ 20 ನಿಮಿಷ ಐಸ್ ಮೇಲೆ ಇರುತ್ತಾನೆ ಅಂದುಕೊಳ್ಳಿ. ಅದರಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಅವನ ಸ್ಟಿಕ್ಕಿನಲ್ಲಿ ಇರುವುದು ಎಲ್ಲ ಸೇರಿಸಿದರೂ ಒಂದೆರಡು ನಿಮಿಷ. ಮನೆಯವರು ನೋಡುವುದು ಆ ಒಂದೆರಡು ನಿಮಿಷವನ್ನು. ಸ್ಕೌಟ್ ನೋಡುವುದು ಉಳಿದ ಹದಿನೆಂಟನ್ನು.

ಕೆಲಸ ಮ್ಯಾಚ್‌ಗೆ ಮುಂಚೆಯೇ ಶುರುವಾಗುತ್ತದೆ. ಬಾಗಿಲಲ್ಲಿ ಆಟಗಾರರ ಪಟ್ಟಿ ಸಿಗುತ್ತದೆ: ನಂಬರ್, ಎತ್ತರ, ತೂಕ, ಹುಟ್ಟಿದ ದಿನ. ನಾನು ಮೊದಲು ಬೆರಳಿಡುವುದು ಹುಟ್ಟಿದ ದಿನದ ಮೇಲೆ. ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್, ಅದರ ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಅದಕ್ಕೆ ಆ ವರ್ಷ ಸೆಪ್ಟೆಂಬರ್ 15ರೊಳಗೆ 18 ತುಂಬಿರಬೇಕು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಮುಂದಿನ ವರ್ಷ ಟೊರಾಂಟೋ ಅವನನ್ನೇ ಮೊದಲನೆಯವನಾಗಿ ಆರಿಸಿತು. ಒಂದೇ ಮ್ಯಾಚ್‌ನಲ್ಲಿ ಆಡುವ ಇಬ್ಬರು "17ರ ಹುಡುಗರ" ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಕೆಲವರಿಗೆ ಹತ್ತು ಕೆಜಿ ಮಾಂಸಖಂಡ.

ಇದನ್ನು ಮೊದಲು ಗಮನಿಸಿದವರ ಕಥೆಯೂ ಚೆನ್ನಾಗಿದೆ. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಹೆಂಡತಿ ಪೌಲಾ ಜೊತೆ ಆಲ್ಬರ್ಟಾದ ಲೆತ್‌ಬ್ರಿಡ್ಜ್‌ನಲ್ಲಿ ಜೂನಿಯರ್ ಮ್ಯಾಚ್ ನೋಡಲು ಹೋಗಿದ್ದರು. ಪೌಲಾ ಕೈಯಲ್ಲಿದ್ದ ಪಟ್ಟಿಯನ್ನು ಓದುತ್ತಾ ಕೂತರು. ಎಲ್ಲಿ ನೋಡಿದರೂ ಜನವರಿ, ಫೆಬ್ರವರಿ, ಮಾರ್ಚ್! ಕೆನಡಾದಲ್ಲಿ ಮಕ್ಕಳ ಹಾಕಿಯ ವಯಸ್ಸಿನ ಲೆಕ್ಕ ಜನವರಿ 1ಕ್ಕೆ ಶುರುವಾಗುತ್ತದೆ. ವರ್ಷದ ಮೊದಲಲ್ಲಿ ಹುಟ್ಟಿದವರು ಚಿಕ್ಕಂದಿನಲ್ಲಿ ದೊಡ್ಡದಾಗಿ ಕಾಣುತ್ತಾರೆ, ಆಯ್ಕೆಯಾಗುತ್ತಾರೆ, ಒಳ್ಳೆಯ ಕೋಚ್ ಸಿಗುತ್ತಾರೆ, ಮುಂದೆಯೂ ಅವರೇ ಉಳಿಯುತ್ತಾರೆ. ಹಾಗಾಗಿ ಮೈಕಟ್ಟು ನೋಡಿ ಮರುಳಾಗುವ ಮುಂಚೆ ತಿಂಗಳು ನೋಡಬೇಕು. ನಿಮ್ಮ ಹುಡುಗ ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದವನಾದರೆ ಸ್ಕೌಟ್ ಆ ಪಟ್ಟಿಯಲ್ಲಿ ಅವನ ಹೆಸರಿನ ಕೆಳಗೆ ಒಂದು ಗೆರೆ ಎಳೆದು ಗುರುತಿಟ್ಟಿರುತ್ತಾನೆ, ನಂಬಿ.

ಆಮೇಲೆ ವಾರ್ಮ್ ಅಪ್. ಜನ ಪಾಪ್‌ಕಾರ್ನ್ ಕೊಳ್ಳುತ್ತಿರುವ ಹೊತ್ತು ಅದು. ನನಗೆ ಬಹಳ ಇಷ್ಟ. ಎರಡೂ ಕಡೆ ತಿರುಗಲು ಬರುತ್ತದಾ, ಎಡಕ್ಕೆ ಮಾತ್ರವಾ? ಹಿಂದಕ್ಕೆ ಸ್ಕೇಟ್ ಮಾಡುವಾಗ ಮಂಡಿ ಬಗ್ಗಿದೆಯಾ? ಯಾರ ಒತ್ತಡವೂ ಇಲ್ಲದಾಗಲೇ ಪಾಸ್ ತಡಕಾಡುತ್ತಿದ್ದರೆ ಮ್ಯಾಚ್‌ನಲ್ಲಿ ಏನಾದೀತು? ಪೆಕ್ಕಾ ರಿನ್ನೆ ಫಿನ್‌ಲೆಂಡ್‌ನ ತನ್ನ ಟೀಮಿನಲ್ಲಿ ಎರಡನೇ ಗೋಲ್‌ಕೀಪರ್. ಮ್ಯಾಚ್‌ಗೆ ಇಳಿಯುವ ಅವಕಾಶ ಸಿಗುತ್ತಿದ್ದುದೇ ಕಡಿಮೆ. ನ್ಯಾಶ್‌ವಿಲ್ ಟೀಮಿನ ಸ್ಕೌಟ್ ಯಾನ್ನೆ ಕೆಕಲೈನೆನ್ ಅವನನ್ನು ನೋಡಿದ್ದು ಹೆಚ್ಚಾಗಿ ವಾರ್ಮ್ ಅಪ್‌ಗಳಲ್ಲೇ. 2004ರ ಡ್ರಾಫ್ಟ್‌ನಲ್ಲಿ 258ನೆಯವನಾಗಿ ತೆಗೆದುಕೊಂಡರು. 2018ರಲ್ಲಿ ಅದೇ ರಿನ್ನೆ ಎನ್‌ಎಚ್‌ಎಲ್‌ನ ವರ್ಷದ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ ಗೆದ್ದ.

ಮ್ಯಾಚ್ ಶುರುವಾದ ಮೇಲೆ ನಾನು ಮೇಲಿನ ಸಾಲಿಗೆ, ಮೂಲೆಯ ಕಡೆಗೆ ಹೋಗಿ ಕೂರುತ್ತೇನೆ. ಗಾಜಿನ ಪಕ್ಕ ಕೂತರೆ ಸದ್ದು, ವೇಗ, ರೋಮಾಂಚನ ಎಲ್ಲ ಸಿಗುತ್ತದೆ. ಆದರೆ ಗೋಲ್‌ಕೀಪರ್ ಬಿಟ್ಟು ಉಳಿದ ಐದೂ ಜನ ಎಲ್ಲಿ ನಿಂತಿದ್ದಾರೆ ಅನ್ನೋದು ಕಾಣುವುದಿಲ್ಲ. ಇಲ್ಲಿ ಕಿಚನರ್‌ನಲ್ಲಿ ಊರಿನವರು "ದಿ ಆಡ್" ಅನ್ನುವ ಹಳೆಯ ಮೆಮೋರಿಯಲ್ ಆಡಿಟೋರಿಯಂ ಇದೆ, 1951ರದು. ಅಲ್ಲಿ ಮೇಲೆ ಕೂತರೆ ಇಡೀ ಐಸ್ ಕಣ್ಣ ಮುಂದೆ ಹರಡಿರುತ್ತದೆ. ಆಮೇಲೆ ಕಷ್ಟದ ಕೆಲಸ: ಪಕ್ಕನ್ನು ಹಿಂಬಾಲಿಸದೆ ಇರುವುದು. ಒಂದು ಶಿಫ್ಟ್, ಅಂದರೆ ಆಟಗಾರ ಐಸ್‌ಗೆ ಇಳಿದು ಬೆಂಚಿಗೆ ಮರಳುವವರೆಗಿನ ಹೊತ್ತು, ಮುಕ್ಕಾಲು ನಿಮಿಷದ ಆಸುಪಾಸು. ಆ ಹೊತ್ತು ಪೂರ್ತಿ ಒಬ್ಬನ ಮೇಲೇ ಕಣ್ಣು. ಅವನು ಬೆಂಚಿಗೆ ಹೋದಾಗ ಮಾತ್ರ ಬೇರೆಯವನು.

ನಿಮ್ಮ ಹುಡುಗ ಡಿಫೆನ್ಸ್ ಅಂದಿರಲ್ಲ, ಅವರ ವಿಷಯದಲ್ಲಿ ನಾನು ಮತ್ತೆ ಮತ್ತೆ ಬರೆದುಕೊಳ್ಳುವ ಒಂದು ಸನ್ನಿವೇಶ ಹೇಳುತ್ತೇನೆ. ಎದುರು ಟೀಮು ಪಕ್ಕನ್ನು ಮೂಲೆಗೆ ಎಸೆಯಿತು. ಹುಡುಗ ತಿರುಗಿ, ಬೆನ್ನು ಹಾಕಿ, ಅದನ್ನು ತರಲು ಓಡಬೇಕು. ಹಿಂದೆ ಒಬ್ಬ ದೈತ್ಯ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಈ ಎರಡು ಸೆಕೆಂಡಿನಲ್ಲಿ ಹುಡುಗನ ತಲೆಯನ್ನು ನೋಡಿ. ಭುಜದ ಮೇಲಿಂದ ಹಿಂದೆ ನೋಡಿದನಾ? ಒಂದೇ ಸಲವಾ, ಪಕ್ ಮುಟ್ಟುವ ಮುಂಚೆ ಇನ್ನೊಂದು ಸಲವೂ ನೋಡಿದನಾ? ಎರಡು ಸಲ ನೋಡಿದವನಿಗೆ ಯಾವ ಕಡೆಯಿಂದ ಏಟು ಬರುತ್ತದೆ, ತನ್ನವರು ಎಲ್ಲಿದ್ದಾರೆ ಅಂತ ಮೊದಲೇ ಗೊತ್ತು. ಅವನು ಎಡಕ್ಕೆ ಹೋಗುವಂತೆ ಭುಜ ಅಲ್ಲಾಡಿಸಿ ಬಲಕ್ಕೆ ತಿರುಗುತ್ತಾನೆ, ಪಾಸ್ ನೇರ ಸೆಂಟರ್‌ನ (ನಡುವಿನ ಫಾರ್ವರ್ಡ್) ಸ್ಟಿಕ್ಕಿಗೆ ಹೋಗುತ್ತದೆ. ನೋಡದವನು ಪಕ್ ಮುಟ್ಟಿದ ಮೇಲೆ ಯೋಚನೆ ಶುರು ಮಾಡುತ್ತಾನೆ. ಅಷ್ಟರಲ್ಲಿ ಬೋರ್ಡ್‌ಗೆ ಅಪ್ಪಳಿಸಿರುತ್ತಾನೆ. ಇಲ್ಲವೇ ಹೆದರಿ ಪಕ್ಕನ್ನು ಸುಮ್ನೆ ಗಾಜಿಗೆ ಹೊಡೆದು ಕಳಿಸುತ್ತಾನೆ.

ಇದರಲ್ಲಿ ಯಾವುದೂ ಸ್ಕೋರ್‌ಶೀಟ್‌ನಲ್ಲಿ ಬರುವುದಿಲ್ಲ. ಆದರೆ ಒಂದು ಮ್ಯಾಚ್‌ನಲ್ಲಿ ಇಂಥ ಸಂದರ್ಭ ಎಷ್ಟೋ ಸಲ ಬರುತ್ತದೆ. ಮೂರನೇ ಪೀರಿಯಡ್‌ನಲ್ಲಿ, ಕಾಲು ಸೋತಾಗ, 4-1 ಆದಾಗಲೂ ಅವನು ಎರಡು ಸಲ ತಿರುಗಿ ನೋಡುತ್ತಿದ್ದರೆ ಅದು ಕಾಕತಾಳೀಯ ಅಲ್ಲ, ಅವನ ಅಭ್ಯಾಸ. ಒಂದೇ ಮ್ಯಾಚ್ ಕೊಡಬಲ್ಲ ಗಟ್ಟಿ ಪುರಾವೆ ಅಂದರೆ ಇದೇ. ಗೋಲು ಬಂದರೆ ಒಂದೋ ಎರಡೋ, ಇದು ಹತ್ತಾರು ಸಲ.

ಹಾಗೇ ಎದುರಾಳಿ ಪಕ್ ಹಿಡಿದು ನುಗ್ಗಿ ಬರುವಾಗ ಎಷ್ಟು ಅಂತರ ಇಟ್ಟುಕೊಳ್ಳುತ್ತಾನೆ ಅನ್ನೋದು. ತನ್ನ ಬ್ಲೂ ಲೈನ್‌ನಲ್ಲೇ (ತನ್ನ ಗೋಲಿನ ಕಡೆಯ ಭಾಗ ಶುರುವಾಗುವ ನೀಲಿ ಗೆರೆ) ತಡೆದು ನಿಲ್ಲುವವನು ಒಬ್ಬ, ಗೋಲ್‌ಕೀಪರ್ ಮೈಮೇಲೆ ಬೀಳುವವರೆಗೂ ಹಿಂದೆ ಸರಿಯುವವನು ಇನ್ನೊಬ್ಬ.

ಫಾರ್ವರ್ಡ್‌ಗಳಲ್ಲಿ ನಾನು ನೋಡುವುದು ಪಕ್ ಕಳೆದುಕೊಂಡ ಮೇಲಿನ ಮೊದಲ ಮೂರು ಹೆಜ್ಜೆ. ಕೆಲವರು ರೆಫ್ರಿ ಕಡೆಗೆ ಕೈ ಎತ್ತುತ್ತಾರೆ. ಕೆಲವರು ತಲೆ ಎತ್ತಿ ಛಾವಣಿ ನೋಡುತ್ತಾರೆ. ಕೆಲವರು ಅಷ್ಟರಲ್ಲಾಗಲೇ ಹಿಂದಕ್ಕೆ ಓಡುತ್ತಿರುತ್ತಾರೆ. ಮೂರನೆಯವರನ್ನು ಕೋಚ್‌ಗಳು ಬಿಡುವುದಿಲ್ಲ.

ಇನ್ನು ಕಣ್ಣಿಗೆ ಮಣ್ಣೆರಚುವ ಸಂಗತಿಗಳು. ಪವರ್ ಪ್ಲೇನಲ್ಲಿ, ಅಂದರೆ ಎದುರಾಳಿ ಒಬ್ಬ ಶಿಕ್ಷೆಗೆ ಹೊರಗೆ ಕೂತಿದ್ದಾಗ, ಬಂದ ಮೂರು ಅಸಿಸ್ಟ್‌ಗೂ ಐದಕ್ಕೆ ಐದು ಆಡಿ ಗಳಿಸಿದ ಒಂದಕ್ಕೂ ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಎಡ್ಜ್ ಆಗಿ ಸ್ಲಿಪ್ ದಾಟಿದ ಬೌಂಡರಿಯೂ ಸ್ಕೋರ್‌ಬೋರ್ಡ್‌ನಲ್ಲಿ ನಾಲ್ಕೇ ಅಲ್ವಾ, ಹಾಗೆ. ಟೀಮಿಗೆ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮ್ಯಾಚ್ ಇದ್ದರೆ ಭಾನುವಾರದ ಕಾಲುಗಳು ಬೇರೆಯೇ. ಸ್ಕೌಟ್ ಅದನ್ನೂ ವರದಿಯ ಮೇಲ್ತುದಿಯಲ್ಲಿ ಬರೆಯಬೇಕು. 16ರ ಹುಡುಗ ನಾಲ್ಕನೇ ಲೈನ್‌ನಲ್ಲಿ, ಅಂದರೆ ಫಾರ್ವರ್ಡ್‌ಗಳ ಕೊನೆಯ ಗುಂಪಿನಲ್ಲಿ, ಆಡುತ್ತಿದ್ದರೆ ಅವನಿಗೆ ಸಿಗುವುದೇ ಕೆಲವು ನಿಮಿಷ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ವರದಿ ಕಸಕ್ಕೆ ಸಮ.

ನ್ಯಾಯವಾ ಅಂತ ಕೇಳಿದ್ದೀರಿ. ಒಂದೇ ಮ್ಯಾಚ್‌ನಿಂದ "ಬೇಡ" ಅಂದರೆ ಅನ್ಯಾಯ. "ಇನ್ನೊಮ್ಮೆ ನೋಡೋಣ" ಅನ್ನಲು ಒಂದು ಮ್ಯಾಚ್ ಧಾರಾಳ ಸಾಕು. ಡೆಟ್ರಾಯಿಟ್‌ನ ಸ್ಕೌಟ್ ಹಾಕನ್ ಆಂಡರ್ಸನ್ ರಷ್ಯಾಕ್ಕೆ ಹೋಗಿದ್ದು ದಿಮಿತ್ರಿ ಕಲಿನಿನ್ ಎಂಬ ಡಿಫೆನ್ಸ್‌ಮನ್‌ನನ್ನು ನೋಡಲು. ಆದರೆ ಕಣ್ಣು ಹೋಗಿದ್ದು ಎದುರು ಟೀಮಿನ ಸಣಕಲು ಹುಡುಗನ ಮೇಲೆ. ಅದು ಪಾವೆಲ್ ದತ್ಸುಕ್. ಅದಕ್ಕೆ ಮುಂಚಿನ ಡ್ರಾಫ್ಟ್‌ಗಳಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. 1998ರಲ್ಲಿ ಡೆಟ್ರಾಯಿಟ್ 171ನೆಯವನಾಗಿ ತೆಗೆದುಕೊಂಡಿತು. ಅವನು ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎರಡು ಸಲ ಗೆದ್ದ, 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆಂಡರ್ಸನ್‌ಗೆ ಫಿನ್‌ಲೆಂಡ್‌ನ ಒಂದು ಟೂರ್ನಿಯಲ್ಲೂ ಹೀಗೇ ಆಯಿತು. ನೋಡಲು ಹೋಗಿದ್ದು ಮಟಿಯಸ್ ವೈನ್‌ಹಾಂಡಲ್‌ನನ್ನು, ಸಿಕ್ಕಿದ್ದು ಹೆನ್ರಿಕ್ ಜೆಟರ್‌ಬರ್ಗ್, 1999ರ ಡ್ರಾಫ್ಟ್‌ನ 210ನೇ ಆಯ್ಕೆ. ಈ ಕಥೆಗಳಿಂದ ನಾನು ಕಲಿತಿದ್ದು ಇಷ್ಟು: ಯಾರನ್ನು ನೋಡಲು ಬಂದಿದ್ದೀಯೋ ಅವನು ಬೆಂಚಿನಲ್ಲಿದ್ದಾಗ ಫೋನ್ ತೆಗೆಯಬಾರದು. ಆ 5-1ರ ದಿನ ಬಂದಿದ್ದ ಸ್ಕೌಟ್‌ಗಳು ಬಹುಶಃ ಗೆದ್ದ ಟೀಮಿನ ಯಾರನ್ನೋ ನೋಡಲು ಬಂದಿದ್ದರು. ಆದರೂ ನಿಮ್ಮ ಹುಡುಗ ಅವರ ಕಣ್ಣ ಮುಂದೆಯೇ ಇದ್ದ.

ವರದಿ ಬರೆಯುವುದರಲ್ಲೂ ಒಂದು ಶಿಸ್ತು ಇದೆ. "ಒಳ್ಳೆಯ ಆಟಗಾರ, ಬುದ್ಧಿವಂತ" ಅಂತ ಬರೆದರೆ ಓದುವವನಿಗೆ ಏನೂ ಸಿಗುವುದಿಲ್ಲ. ನಾನು ಬರೆಯುವುದು ಹೀಗಿರುತ್ತದೆ: "ಎರಡನೇ ಪೀರಿಯಡ್, ಎಡ ಮೂಲೆ. ಎರಡು ಸಲ ಹಿಂದೆ ನೋಡಿದ. ಗೋಲಿನ ಹಿಂದಿನಿಂದ ತಿರುಗಿ ಸೆಂಟರ್‌ಗೆ ಪಾಸ್ ಕೊಟ್ಟ. ಮುಂದಿನ ಶಿಫ್ಟ್‌ನಲ್ಲಿ ಅದೇ ಪಾಸ್ ಎದುರಾಳಿಗೆ ಸಿಕ್ಕಿತು, ಗೋಲ್ ಆಯಿತು. ಆಮೇಲಿನ ಶಿಫ್ಟ್‌ನಲ್ಲೂ ಹೆದರದೆ ಮತ್ತೆ ಅದೇ ಪಾಸ್‌ಗೆ ಪ್ರಯತ್ನಿಸಿದ." ಈ ಕೊನೆಯ ಸಾಲು ನನಗೆ ಮೂರು ಗೋಲಿಗಿಂತ ಹೆಚ್ಚು. ಕಂಡದ್ದನ್ನು ಮೊದಲು ಬರೆಯಬೇಕು, ಅಭಿಪ್ರಾಯ ಕೊನೆಗೆ.

ಅಭಿಪ್ರಾಯ ಬರೆಯುವಾಗ ಯಾವುದು ತಿದ್ದಬಹುದಾದ ಕೊರತೆ, ಯಾವುದು ಅಲ್ಲ ಅಂತ ಬಿಡಿಸಿ ಹೇಳಬೇಕು. ಬ್ರೇಡನ್ ಪಾಯಿಂಟ್ ಮೂಸ್ ಜಾ ಊರಿನ ಜೂನಿಯರ್ ಟೀಮಿನಲ್ಲಿದ್ದಾಗ ಕುಳ್ಳ, ಸ್ಕೇಟಿಂಗ್ ಸಾಲದು ಅನ್ನುತ್ತಿದ್ದರು. 2014ರಲ್ಲಿ 79ನೆಯವನಾಗಿ ಟ್ಯಾಂಪಾ ತೆಗೆದುಕೊಂಡಿತು. ಹಿಂದೆ ಫಿಗರ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಬಾರ್ಬರಾ ಅಂಡರ್‌ಹಿಲ್ ಅಲ್ಲಿ ಅವನ ಸ್ಕೇಟಿಂಗ್ ತಿದ್ದಿದರು. 2020 ಮತ್ತು 2021ರ ಪ್ಲೇಆಫ್‌ಗಳಲ್ಲಿ ಅವನು ಎರಡು ಸಲವೂ 14 ಗೋಲು ಹೊಡೆದ, ಟ್ಯಾಂಪಾ ಎರಡು ಸಲವೂ ಕಪ್ ಗೆದ್ದಿತು. ಕಾಲನ್ನು ತಿದ್ದಬಹುದು. ಆಟವನ್ನು ಮುಂಚಿತವಾಗಿ ಓದುವ ಗುಣ ಇಲ್ಲದವನಿಗೆ 18ರ ಮೇಲೆ ಅದನ್ನು ಕಲಿಸುವುದು ಬಹಳ ಕಷ್ಟ.

ಗೋಲ್‌ಕೀಪರ್ ಬಗ್ಗೆ ಮಾತ್ರ ಒಂದೇ ಮ್ಯಾಚ್‌ನಿಂದ ನಾನು ಏನೂ ಹೇಳಲು ಹೋಗುವುದಿಲ್ಲ. 18 ಶಾಟ್ ಬಂದ ದಿನಕ್ಕೂ 45 ಬಂದ ದಿನಕ್ಕೂ ಹೋಲಿಕೆಯೇ ಇಲ್ಲ.

ಭಾರತೀಯ ಮನೆತನದ ಹುಡುಗ ಅಂತ ಹೇಳಿದ್ದರಿಂದ ಒಂದು ಹೆಸರು ಸೇರಿಸುತ್ತೇನೆ: ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸರ್ರೆಯ ಪಂಜಾಬಿ ಮನೆತನದ ಅರ್ಷದೀಪ್ ಬೈನ್ಸ್. ಡ್ರಾಫ್ಟ್‌ನಲ್ಲಿ ಅವನನ್ನು ಯಾವ ಟೀಮೂ ತೆಗೆದುಕೊಳ್ಳಲಿಲ್ಲ. 2021-22ರಲ್ಲಿ ರೆಡ್ ಡಿಯರ್ ಟೀಮಿಗೆ ಆಡಿ 112 ಪಾಯಿಂಟ್ (ಗೋಲು, ಅಸಿಸ್ಟ್ ಎರಡೂ ಸೇರಿ) ಗಳಿಸಿ, ಪಶ್ಚಿಮ ಕೆನಡಾದ ಇಡೀ ಜೂನಿಯರ್ ಲೀಗ್‌ನಲ್ಲೇ ಮೊದಲು ಬಂದ. ವ್ಯಾಂಕೂವರ್ ಸಹಿ ಹಾಕಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡಿದ. 17ಕ್ಕೆ ಯಾರ ಕಥೆಯೂ ಮುಗಿಯುವುದಿಲ್ಲ.

ಈಗ ನೀವು ಮಾಡಬಹುದಾದ ಒಂದು ಕೆಲಸ. ಆ ಮ್ಯಾಚ್‌ನ ವಿಡಿಯೋ ಇದ್ದರೆ ಮೂರನೇ ಪೀರಿಯಡ್ ಮಾತ್ರ ಹಾಕಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಲು ಅಕ್ಕ-ಭಾವನಿಗೆ ಹೇಳಿ. ಪಕ್ ಎಲ್ಲಿದೆ ಅಂತ ನೋಡುವುದು ಬೇಡ. ಮೂಲೆಗೆ ಹೋಗುವಾಗಲೆಲ್ಲ ಅವನ ತಲೆ ತಿರುಗುತ್ತದಾ ಅಂತ ಅವನೇ ಎಣಿಸಲಿ. ಭಾವ ಮಾತ್ರ ಸ್ಕೌಟ್‌ಗಳ ಹತ್ತಿರ ಹೋಗಿ ಮಗನ ಬಗ್ಗೆ ಮಾತಾಡುವುದು ಬೇಡ, ಅದರಿಂದ ಹುಡುಗನಿಗೇ ಮುಜುಗರ. ಒಬ್ಬ ಸ್ಕೌಟ್‌ಗೆ ಇಷ್ಟವಾಗಿದ್ದರೆ ಅವನು ಮತ್ತೆ ಬರುತ್ತಾನೆ, ಸಾಮಾನ್ಯವಾಗಿ ಬೇರೆ ಊರಿನ ರಿಂಕ್‌ಗೆ, ಬೇರೆ ಎದುರಾಳಿ ಮೇಲೆ ಆಡುವಾಗ. ಜನವರಿ, ಫೆಬ್ರವರಿಯಲ್ಲಿ ಮೇಲಿನ ಸಾಲಿನಲ್ಲಿ ಅದೇ ಮುಖ ಕಂಡರೆ ನನಗೂ ಒಂದು ಸಾಲು ಬರೆದು ತಿಳಿಸಿ.