ದ್ವಿಭಾಷಾ ವಿಭಾಗ ಶುರುವಾಗಿದೆ, ಮಕ್ಕಳ ಮನೆಮಾತು ನಾಲ್ಕೈದು. ಮುಖ್ಯ ಶಿಕ್ಷಕಿ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೀರಿ. ಕನ್ನಡ-ಇಂಗ್ಲಿಷ್ ದ್ವಿಭಾಷಾ ವಿಭಾಗ ಶುರುವಾಗಿದೆ. ಅರ್ಧಕ್ಕರ್ಧ ಮಕ್ಕಳು ಕಾಫಿ ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಬಂಗಾಳಿ, ತಮಿಳು, ಉರ್ದು, ತುಳು. ನಿಮ್ಮ ಟೀಚರ್‌ಗಳಿಗೆ ಇಂಗ್ಲಿಷ್ ಅಂದ್ರೆ ಭಯ. ಎಲ್ಲಿಂದ ಶುರು ಮಾಡಲಿ ಅಂತ.

ಮೇಡಂ, ಇಂಗ್ಲಿಷ್ ವಿಷಯ ಒಂದೆರಡು ವಾರ ಪಕ್ಕಕ್ಕಿಡಿ. ಮೊದಲು ದಾಖಲಾತಿ ರಿಜಿಸ್ಟರ್ ತೆಗೆದು ಮಾತೃಭಾಷೆಯ ಕಾಲಂ ನೋಡಿ. ನಾನು ಸಕಲೇಶಪುರ ತಾಲ್ಲೂಕಿನಲ್ಲಿ ಮುಖ್ಯ ಶಿಕ್ಷಕ. ನಮ್ಮದೂ ಕಾಫಿ ಸೀಮೆ, ನಿಮ್ಮಂಥದ್ದೇ ಶಾಲೆ. ನಮ್ಮ ರಿಜಿಸ್ಟರ್‌ನಲ್ಲಿ ಅಸ್ಸಾಂನಿಂದ ಬಂದ ಮಕ್ಕಳಿಗೆಲ್ಲ ಸಾಲಾಗಿ 'ಹಿಂದಿ' ಅಂತ ಬರೆದಿತ್ತು. ಅಪ್ಪ ದಾಖಲು ಮಾಡಿಸೋಕೆ ಬಂದಾಗ ಬಜಾರ್ ಹಿಂದಿ ಮಾತಾಡಿದ್ದಾನೆ, ಹಾಗಾಗಿ ಮಗುವಿನ ಭಾಷೆಯೂ ಹಿಂದಿ ಅಂತ ಬರೆದುಕೊಂಡಿದ್ದಾರೆ. ವಿಚಾರಿಸಿದರೆ ಕೆಲವರ ಮನೆಮಾತು ಬಂಗಾಳಿ, ಕೆಲವರದ್ದು ಅಸ್ಸಾಮಿ. ಟೀ ತೋಟದ ಮೂಲದ ಕುಟುಂಬಗಳದ್ದು ಸಾದ್ರಿ. ಆರು ವರ್ಷದ ಮಗುವಿಗೆ ಹಿಂದಿಯೂ ಹೊಸದೇ. ಹಾಗೇ ಮುಸ್ಲಿಂ ಮಕ್ಕಳು ಅಂದ ಕೂಡಲೇ ಉರ್ದು ಅಂತ ಬರೆದುಬಿಡುತ್ತಾರೆ. ಘಟ್ಟದ ಕೆಳಗಿಂದ ಬಂದವರಲ್ಲಿ ಎಷ್ಟೋ ಜನ ಮನೆಯಲ್ಲಿ ಬ್ಯಾರಿ ಆಡುತ್ತಾರೆ. ಕಡೂರು, ತರೀಕೆರೆ ಕಡೆಯ ಲಂಬಾಣಿ ಮಕ್ಕಳಿಗೆ ಸುಮ್ನೆ 'ಕನ್ನಡ' ಅಂತ ಹಾಕಿರುತ್ತಾರೆ.

'ನಿನ್ನ ಮಾತೃಭಾಷೆ ಯಾವುದು' ಅಂತ ಮಗುವನ್ನು ಕೇಳಿದರೆ ಉತ್ತರ ಬರಲ್ಲ. 'ಅಮ್ಮ ಊಟಕ್ಕೆ ಹೇಗೆ ಕರೀತಾರೆ, ಹಾಗೇ ಹೇಳು' ಅಂತ ಕೇಳಿ. ಅದೂ ಅರ್ಥವಾಗದ ಮಗುವಾದರೆ ದೊಡ್ಡ ತರಗತಿಯಿಂದ ಆ ಲೈನ್‌ನದ್ದೇ ಒಬ್ಬರನ್ನು ಕರೆಸಿ ಕೇಳಿಸಿ. ಒಂದು ವಾರದಲ್ಲಿ ಪಟ್ಟಿ ಸಿದ್ಧವಾಗುತ್ತದೆ.

ಈ ಪಟ್ಟಿ ಯಾಕೆ ಬೇಕು ಅಂದರೆ, ನಮ್ಮಂಥ ಶಾಲೆಗಳಲ್ಲಿ ಭಾಷೆ ಬಾರದ ಮಗುವನ್ನು ವಿಷಯ ಬಾರದ ಮಗು ಅಂತ ತೀರ್ಮಾನಿಸಿಬಿಡುತ್ತಾರೆ. ಮುಖ್ಯ ಶಿಕ್ಷಕರ ಕೆಲಸದಲ್ಲಿ ಮುಕ್ಕಾಲು ಪಾಲು ಈ ಎರಡನ್ನೂ ಬೇರೆ ಮಾಡುವುದೇ. ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಬಂಗಾಳಿ ಮನೆಮಾತು. 'ಇವಳಿಗೆ ಗುಣಾಕಾರ ತಲೆಗೇ ಹತ್ತಲ್ಲ ಸಾರ್' ಅಂತ ಟೀಚರ್ ಹೇಳಿದರು. ಪುಸ್ತಕದ ಲೆಕ್ಕ ಓದಿಸಿದರೆ ಅಕ್ಷರ ಕೂಡಿಸಿ ಓದುತ್ತಾಳೆ, ಆಮೇಲೆ ಸುಮ್ಮನೆ ನಿಲ್ಲುತ್ತಾಳೆ. ಅದು ಕೊಯ್ಲಿನ ಕಾಲ. ನಾನು ಬೋರ್ಡ್ ಮೇಲೆ ಒಂದು ತಕ್ಕಡಿ, ಒಂದು ಚೀಲ ಬರೆದೆ. ಏಳನೇ ತರಗತಿಯ ಹುಡುಗನ ಕೈಲಿ ಕೇಳಿಸಿದೆ: ಅಮ್ಮ 62 ಕೆ.ಜಿ. ಹಣ್ಣು ಕೊಯ್ದರೆ, ಕೆ.ಜಿ.ಗೆ 5 ರೂಪಾಯಿ ಆದರೆ ಎಷ್ಟು? ಬಾಯಲ್ಲೇ 310 ಅಂದಳು. ಅಷ್ಟಕ್ಕೇ ಬಿಡಲಿಲ್ಲ. ಅಡ್ವಾನ್ಸ್‌ಗೆ 100 ಮುರಿದುಕೊಂಡರೆ ಕೈಗೆ ಬರೋದು 210 ಅಂತ ಅವಳೇ ಸೇರಿಸಿದಳು! ಗುಣಾಕಾರವೂ ಬರುತ್ತೆ, ವ್ಯವಕಲನವೂ ಬರುತ್ತೆ. 'ಪ್ರತಿ ಕಿಲೋಗ್ರಾಂಗೆ ದರ ಇಷ್ಟಾದರೆ ಒಟ್ಟು ಮೊತ್ತವೆಷ್ಟು' ಅನ್ನೋ ವಾಕ್ಯ ಬರಲ್ಲ ಅಷ್ಟೇ. ಅವಳಿಗೆ ಕಲಿಸಬೇಕಾಗಿದ್ದು ಆ ವಾಕ್ಯ. ಟೀಚರ್ ಮಗ್ಗಿ ಬರೆಸುತ್ತಿದ್ದರು.

ಅದಕ್ಕೇ ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ. ಯಾವ ಮಗುವನ್ನಾದರೂ 'ನಿಧಾನ ಕಲಿಕೆ' ಪಟ್ಟಿಗೆ ಸೇರಿಸುವ ಮೊದಲು ಅದೇ ಲೆಕ್ಕವನ್ನು ಚಿತ್ರದಲ್ಲಿ ಕೊಡಬೇಕು, ಇಲ್ಲವೇ ಮನೆಭಾಷೆಯಲ್ಲಿ ಕೇಳಿಸಬೇಕು. ಆಗಲೂ ಬಾರದಿದ್ದರೆ ಲೆಕ್ಕದ್ದೇ ತೊಂದರೆ. ಬಂದರೆ ಭಾಷೆಯದ್ದು.

ಇನ್ನೊಂದು ಮಾತು ನಿಮ್ಮ ಸ್ಟಾಫ್ ರೂಮಿನಲ್ಲೂ ಬಂದೇ ಬರುತ್ತದೆ: 'ಆಟದ ಬಯಲಲ್ಲಿ ಅರಳು ಹುರಿದ ಹಾಗೆ ಕನ್ನಡ ಮಾತಾಡ್ತಾನೆ, ಪರಿಸರ ಅಧ್ಯಯನ ಓದು ಅಂದ್ರೆ ಮಾತ್ರ ಸೋಮಾರಿತನ.' ಅದು ಸೋಮಾರಿತನ ಅಲ್ಲ. ಕೆನಡಾದ ಜಿಮ್ ಕಮಿನ್ಸ್ ಅನ್ನುವ ವಿದ್ವಾಂಸರು 1979ರಲ್ಲೇ ಈ ವ್ಯತ್ಯಾಸ ಗುರುತಿಸಿದರು. ಆಡುವ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಅಲ್ಲಿನ ವಲಸೆ ಮಕ್ಕಳಲ್ಲಿ ಆಡುಮಾತು ಸುಮಾರು ಎರಡು ವರ್ಷದಲ್ಲಿ ಕೈಗೆ ಬಂತು. ಪಠ್ಯದ ಭಾಷೆಯಲ್ಲಿ ಜೊತೆಯವರ ಮಟ್ಟ ಮುಟ್ಟೋಕೆ ಐದರಿಂದ ಏಳು ವರ್ಷ ಹಿಡಿಯಿತು. ಕೊಯ್ಲಿಗೆ ಬಂದು ಕೊಯ್ಲಿಗೆ ಹೋಗುವ ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿಯೇ ಬೇಕು ಅಂತ ನನ್ನ ಲೆಕ್ಕ. ಇದನ್ನು ಟೀಚರ್‌ಗಳಿಗೆ ಒಮ್ಮೆ ಕೂರಿಸಿಕೊಂಡು ಹೇಳಿ. ಅವರ ಸಿಟ್ಟು ಅರ್ಧ ಇಳಿಯುತ್ತದೆ. ತಾವು ಕಲಿಸಿದ್ದು ವ್ಯರ್ಥವಾಗುತ್ತಿದೆ ಅನ್ನೋ ಬೇಜಾರೇ ಸಿಟ್ಟಾಗಿರುತ್ತದೆ.

ಅಕ್ಷರದ ತಪ್ಪುಗಳೂ ಹೀಗೆಯೇ. ಬಂಗಾಳಿ ಮಗು 'ವನ' ಬರೆಯೋಕೆ ಹೇಳಿದರೆ 'ಬನ' ಬರೆಯುತ್ತದೆ. ಬಂಗಾಳಿಯಲ್ಲಿ ವ-ಬ ಭೇದ ಇಲ್ಲ. 'ಅ'ಕಾರವೂ ಅವರ ಬಾಯಲ್ಲಿ 'ಒ' ಕಡೆಗೆ ವಾಲುತ್ತದೆ. ಎ-ಏ, ಒ-ಓ ವ್ಯತ್ಯಾಸ ಅವರ ಕಿವಿಗೆ ಬೀಳೋಕೆ ಸಮಯ ಬೇಕು. ಅಸ್ಸಾಮಿ ಮಗು ತ-ಟ, ದ-ಡ ಅದಲು ಬದಲು ಮಾಡುತ್ತದೆ, ಯಾಕಂದ್ರೆ ಆ ಭಾಷೆಯ ಉಚ್ಚಾರಣೆಯಲ್ಲಿ ಎರಡೂ ಒಂದೇ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಪ-ಬ ಎರಡಕ್ಕೂ ಒಂದೇ. ಉರ್ದು ಮನೆಮಾತಿನ ಮಕ್ಕಳಿಗೆ ಳ, ಣ ಕಷ್ಟ. ತುಳು ಮಕ್ಕಳಿಗೆ ಇಂಥ ತೊಂದರೆ ಕಡಿಮೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿ. ಕೆಂಪು ಶಾಯಿ ತನ್ನಷ್ಟಕ್ಕೇ ಕಡಿಮೆಯಾಗುತ್ತದೆ. ಟೀಚರ್ ಆ ಜೋಡಿ ಅಕ್ಷರಗಳನ್ನೇ ಹಿಡಿದು ಕಿವಿಗೆ ಅಭ್ಯಾಸ ಕೊಡೋಕೆ ಶುರು ಮಾಡುತ್ತಾರೆ.

ಈಗ ಇಂಗ್ಲಿಷ್‌ಗೆ ಬರೋಣ. ದ್ವಿಭಾಷಾ ತರಗತಿ ಅಂದ ಕೂಡಲೇ ಟೀಚರ್‌ಗಳು ಮಾಡೋದು ಒಂದೇ. ಇಂಗ್ಲಿಷ್‌ನಲ್ಲಿ ಒಂದು ವಾಕ್ಯ, ತಕ್ಷಣ ಕನ್ನಡದಲ್ಲಿ ಅದೇ ವಾಕ್ಯ. ದಯವಿಟ್ಟು ಇದನ್ನು ನಿಲ್ಲಿಸಿ. ಮಕ್ಕಳು ಬಲು ಬುದ್ಧಿವಂತರು. ಕನ್ನಡ ಹೇಗೂ ಬರುತ್ತೆ ಅಂತ ಗೊತ್ತಾದ ಮೇಲೆ ಇಂಗ್ಲಿಷ್ ಹೇಳುವಾಗ ಕಿಟಕಿಯಾಚೆ ನೋಡುತ್ತಾರೆ. ಕನ್ನಡವೂ ಬಾರದ ಮಗುವಿಗಂತೂ ಎರಡೂ ಸದ್ದು ಮಾತ್ರ.

ನಾವು ಮಾಡುವ ರೀತಿ ಹೇಳುತ್ತೇನೆ. ಬೀಜ ಮೊಳಕೆ ಒಡೆಯುವ ಪಾಠ ಅಂದುಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ ಇಡುತ್ತೇವೆ. ಕೆಲವು ದಿನ ಬಿಟ್ಟು ಗುಂಪಿಗೊಂದು ತಟ್ಟೆ ಕೊಟ್ಟು 'ಏನಾಗಿದೆ ನೋಡಿ, ಮಾತಾಡಿಕೊಳ್ಳಿ' ಅನ್ನುತ್ತೇವೆ. ಯಾವ ಭಾಷೆಯಲ್ಲಾದರೂ ಸರಿ. ಟೀಚರ್‌ಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಇಲ್ಲೇ ಜಾಸ್ತಿ ಜನ ಗಾಬರಿಯಾಗೋದು. ಆಮೇಲೆ ಚಿತ್ರ ಬರೆಯುತ್ತಾರೆ. ಟೀಚರ್ ಕನ್ನಡದಲ್ಲಿ ವಿಷಯ ವಿವರಿಸುತ್ತಾರೆ: ಬೇರು ಮೊದಲು ಬಂತು, ಕೆಳಗೆ ಹೋಯಿತು. ಚಿತ್ರದ ಪಕ್ಕ ಬೇರು, ಕಾಂಡ, ಎಲೆ ಅಂತ ಹೆಸರು ಬರೆಸುತ್ತಾರೆ, ಕೆಳಗೆ ಇಂಗ್ಲಿಷ್ ಹೆಸರು. ಅದರ ಮರುದಿನ ಇಂಗ್ಲಿಷ್‌ನಲ್ಲೇ ನಾಲ್ಕು ಪುಟ್ಟ ವಾಕ್ಯ. 'ದಿ ರೂಟ್ ಗ್ರೋಸ್ ಡೌನ್. ದಿ ಸ್ಟೆಮ್ ಗ್ರೋಸ್ ಅಪ್.' ಆ ಹೊತ್ತಿನಲ್ಲಿ ಕನ್ನಡ ಅನುವಾದ ಇಲ್ಲ, ಬೆರಳು ಚಿತ್ರದ ಮೇಲಿರುತ್ತದೆ. ವಿಷಯ ಗೊತ್ತಿರೋದರಿಂದ ವಾಕ್ಯ ತಾನಾಗೇ ತಿಳಿಯುತ್ತದೆ. ಸರ್ಕಾರ ಕೊಟ್ಟಿರುವ ದ್ವಿಭಾಷಾ ಪಠ್ಯಪುಸ್ತಕವನ್ನು ಇದಾದ ಮೇಲೆ ತೆರೆಸಿ.

ಒಂದು ಭಾಷೆಯಲ್ಲಿ ಕೇಳಿ, ಚರ್ಚಿಸಿ, ಇನ್ನೊಂದರಲ್ಲಿ ಬರೆಯುವ ಈ ದಾರಿಗೆ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಅಂತ ದೊಡ್ಡ ಹೆಸರಿದೆ. ವೇಲ್ಸ್ ದೇಶದ ಶಾಲೆಗಳಲ್ಲಿ ವೆಲ್ಷ್-ಇಂಗ್ಲಿಷ್ ಕಲಿಸುವಾಗ ಸೆನ್ ವಿಲಿಯಮ್ಸ್ ಅನ್ನುವವರು ಇದನ್ನು ಬೆಳೆಸಿದರು. ಚಟುವಟಿಕೆಯ ಮೂಲಕ ಕಲಿಸುವ ನಮ್ಮ ನಲಿಕಲಿ ಪದ್ಧತಿಯ ಟೀಚರ್‌ಗಳಿಗೆ ಇದು ತೀರಾ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ನಲಿಕಲಿಯಲ್ಲಿ ಗುಂಪು, ತಟ್ಟೆ (ಮಕ್ಕಳು ಗುಂಪಾಗಿ ಕೂತು ಕಲಿಯುವ ಜಾಗ), ಮಕ್ಕಳಿಂದ ಮಕ್ಕಳಿಗೆ ಕಲಿಕೆ ಎಲ್ಲ ಇದೆ. ಹೊಸದಾಗಿ ಬಂದ ಮಗುವನ್ನು ಮೊದಲ ಕೆಲವು ವಾರ ಅದೇ ಭಾಷೆಯ ಇನ್ನೊಂದು ಮಗುವಿನ ಜೊತೆ ಕೂರಿಸಿ. ಆದರೆ ಬಂಗಾಳಿ ಮಕ್ಕಳನ್ನೆಲ್ಲ ಒಂದೇ ತಟ್ಟೆಗೆ ಹಾಕಬೇಡಿ. ಹಾಕಿದರೆ ವರ್ಷವಿಡೀ ಅದು ಲೈನ್ ಮನೆಯ ಇನ್ನೊಂದು ಕೋಣೆ ಆಗಿಬಿಡುತ್ತದೆ.

ಮನೆಭಾಷೆಯಲ್ಲಿ ಓದಿಸೋಕೆ ಪುಸ್ತಕ ಎಲ್ಲಿಂದ ತರೋದು ಅಂತ ಕೇಳಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಬಂಗಾಳಿ, ಅಸ್ಸಾಮಿ, ತಮಿಳು, ಉರ್ದು, ಕನ್ನಡ ಎಲ್ಲದರಲ್ಲೂ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಎಷ್ಟೋ ಕಥೆ ಒಂದೇ ಚಿತ್ರಗಳ ಜೊತೆ ಬೇರೆ ಬೇರೆ ಭಾಷೆಯಲ್ಲಿದೆ. ಪ್ರಿಂಟ್ ತೆಗೆದು ಹೊಲಿದು ಇಡಿ, ಸಾಕು.

ಟೀಚರ್‌ಗಳ ಭಯದ ವಿಷಯ. ಇವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮಕ್ಕೆ ನೇಮಕವಾದವರು. 2019-20ರಲ್ಲಿ ಸರ್ಕಾರ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗಲೂ ಪಾಠ ಮಾಡಿದ್ದು ಇದೇ ಟೀಚರ್‌ಗಳು. 'ಇನ್ನು ಮೇಲೆ ಇಂಗ್ಲಿಷ್‌ನಲ್ಲೇ ಮಾತಾಡಿ' ಅಂತ ಸುತ್ತೋಲೆ ಹೊರಡಿಸಿದರೆ ಬಾಯಿ ಮುಚ್ಚಿಹೋಗುತ್ತದೆ. ನಾವು ವಾರಕ್ಕೊಂದು ದಿನ ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕೂರುತ್ತೇವೆ. ಮುಂದಿನ ವಾರದ ಪಾಠಕ್ಕೆ ಬೇಕಾದ ಹತ್ತು ಇಂಗ್ಲಿಷ್ ವಾಕ್ಯ ಬರೆದು, ಒಬ್ಬರಿಗೊಬ್ಬರು ಜೋರಾಗಿ ಹೇಳುತ್ತೇವೆ. ನಾನೂ ಹೇಳುತ್ತೇನೆ. ಉಚ್ಚಾರಣೆ ಅನುಮಾನ ಬಂದರೆ ಫೋನಿನಲ್ಲಿ ಕೇಳಿಕೊಳ್ಳುತ್ತೇವೆ. ಮಕ್ಕಳ ಮುಂದೆ ಯಾರ ಇಂಗ್ಲಿಷನ್ನೂ ಯಾರೂ ತಿದ್ದುವ ಹಾಗಿಲ್ಲ, ಮುಖ್ಯ ಶಿಕ್ಷಕರೂ ಅಷ್ಟೇ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ಹೆಸರು ಕೇಳಿದರೆ ಅತಿ ಹೆಚ್ಚು ಹೆದರುವವರ ಹೆಸರನ್ನೇ ಮೊದಲು ಕೊಡಿ.

ಒಂದು ವಿಷಯದಲ್ಲಿ ನನ್ನದು ಹಟ. ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಹೊಸ ಅತಿಥಿ ಶಿಕ್ಷಕರನ್ನು ಒಂದನೇ ತರಗತಿಗೆ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ನಾನು ಒಪ್ಪಲ್ಲ. ಒಂದನೇ ತರಗತಿಗೆ ಶಾಲೆಯ ಅತ್ಯಂತ ಅನುಭವಿ ನಲಿಕಲಿ ಟೀಚರ್ ಇರಬೇಕು, ಅವರ ಇಂಗ್ಲಿಷ್ ಹೇಗಿದ್ದರೂ ಸರಿ. ಓದುವುದು ಅಂದರೇನು ಅಂತ ಒಂದು ಭಾಷೆಯಲ್ಲಿ ಗಟ್ಟಿಯಾಗಿ ಗೊತ್ತಾದ ಮಗು ಎರಡನೆಯದನ್ನು ಬೇಗ ಹಿಡಿಯುತ್ತದೆ. ಚೆನ್ನಾಗಿ ಇಂಗ್ಲಿಷ್ ಬಲ್ಲವರನ್ನು ನಾಲ್ಕು, ಐದಕ್ಕೆ ಹಾಕಿ.

ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ 'ಇಂಗ್ಲಿಷ್ ಅಂತ ಸೇರಿಸಿದ್ದೀವಿ, ಕನ್ನಡ ಯಾಕೆ ಮಾತಾಡ್ತೀರಿ' ಅನ್ನೋ ಪ್ರಶ್ನೆ ಬರುತ್ತದೆ. ವಾದಕ್ಕೆ ಇಳಿಯಬೇಡಿ. ಕಲಿಕೆ ಆದಷ್ಟೂ ಮಾತೃಭಾಷೆಯಲ್ಲಿರಲಿ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದಲ್ಲಿ ಕನಿಷ್ಠ ಐದನೇ ತರಗತಿವರೆಗೆ ಅನ್ನುತ್ತದೆ. ಇನ್ನೊಂದು ಕಡೆ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ನಮ್ಮ ರಾಜ್ಯದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಇದನ್ನೆಲ್ಲ ಹೇಳಿದರೆ ಯಾರಿಗೂ ಸಮಾಧಾನ ಆಗಲ್ಲ. ಅವರ ಮಗುವನ್ನೇ ಕರೆದು ಹೆಸರುಕಾಳಿನ ಚಿತ್ರ ಕೈಗೆ ಕೊಡಿ. ಅದು ಇಂಗ್ಲಿಷ್‌ನಲ್ಲಿ ನಾಲ್ಕು ವಾಕ್ಯ ಹೇಳಿದರೆ ಸಭೆ ಮುಗಿದ ಹಾಗೆ.

ಆದರೆ ಲೈನ್ ಮನೆಯ ತಂದೆತಾಯಿಗೆ 'ಮನೆಯಲ್ಲಿ ಕನ್ನಡವೇ ಮಾತಾಡಿ' ಅಂತ ಮಾತ್ರ ಹೇಳಬೇಡಿ. ಆ ತಾಯಿಗೆ ಬರುವ ಕನ್ನಡ ತೋಟದ ರೈಟರ್ (ಗುಮಾಸ್ತ) ಹತ್ತಿರ ಮಾತಾಡುವಷ್ಟು. ಕಥೆ, ಲೆಕ್ಕ, ಬೈಗುಳ, ಮುದ್ದು ಎಲ್ಲ ಇರೋದು ಅವಳ ಭಾಷೆಯಲ್ಲಿ. ಅದನ್ನು ನಿಲ್ಲಿಸಿದರೆ ಮಗುವಿಗೆ ಮನೆಯಲ್ಲಿ ಸಿಗುವ ಮಾತೇ ಕಡಿಮೆಯಾಗುತ್ತದೆ. ಕನ್ನಡ ಕೊಡೋಕೆ ಶಾಲೆ ಇದೆ, ಬಿಸಿಯೂಟದ ಸಾಲಿದೆ, ಆಟದ ಬಯಲಿದೆ.

ಕೊನೆಯದಾಗಿ ಮಾರ್ಚ್ ತಿಂಗಳು. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲಿಗೆ ಬಂದವರು ರೊಬಸ್ಟಾ ಮುಗಿಸಿ ಹೊರಟುಬಿಡುತ್ತಾರೆ. ವರ್ಷದ ಮಧ್ಯೆ ಬಂದರು, ಟಿ.ಸಿ. (ವರ್ಗಾವಣೆ ಪತ್ರ) ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5, 14 ಮತ್ತು 15ನೇ ಸೆಕ್ಷನ್ ಓದಿಕೊಳ್ಳಿ, ಯಾರಾದರೂ ಕೇಳಿದರೆ ತೋರಿಸೋಕೆ ಬೇಕಾಗುತ್ತದೆ. ಹೊರಡುವ ಮಗುವಿಗೆ ತಡ ಮಾಡದೆ ಟಿ.ಸಿ. ಕೊಡುವುದೂ ಅದೇ ಕಾಯ್ದೆಯ ಮಾತು. ಟಿ.ಸಿ. ಜೊತೆಗೆ ಇನ್ನೊಂದು ಹಾಳೆ ಸೇರಿಸಿ: ಮಗುವಿನ ಮನೆಭಾಷೆ ಯಾವುದು, ಯಾವ ಭಾಷೆಯಲ್ಲಿ ಎಷ್ಟು ಓದುತ್ತದೆ, ಲೆಕ್ಕದಲ್ಲಿ ಎಲ್ಲಿವರೆಗೆ ಬಂದಿದೆ. ಇದನ್ನು ಕನ್ನಡದಲ್ಲಿ ಬರೆದರೆ ಅಸ್ಸಾಂನ ಮೇಷ್ಟ್ರಿಗೆ ಓದೋಕಾಗಲ್ಲ, ಇಂಗ್ಲಿಷ್‌ನಲ್ಲೇ ಬರೆಯಿರಿ. ಮೊಹರು ಹಾಕಿ, ಫೋಟೊ ತೆಗೆದು ಅಪ್ಪನ ವಾಟ್ಸಾಪ್‌ಗೂ ಕಳಿಸಿ. ಅಷ್ಟು ದೂರದ ರೈಲು ಪ್ರಯಾಣದಲ್ಲಿ ಕಾಗದ ಕಳೆದುಹೋದರೂ ಫೋನಿನಲ್ಲಿ ಇರುತ್ತದೆ.