ಒಬ್ಬ ರೋಗಿಗಾಗಿ ಒಂದು ಲಸಿಕೆ

ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಹಿರಿಯರೊಬ್ಬರ ಮಗಳು ನಮಗೆ ಹೀಗೆ ಬರೆದಿದ್ದಾರೆ: ‘ಪೆಪ್ಟೈಡ್ ಲಸಿಕೆಯನ್ನು ಪ್ರತಿ ರೋಗಿಗೂ ಬೇರೆಯಾಗಿಯೇ ಏಕೆ ತಯಾರಿಸಬೇಕು? ಎಲ್ಲರಿಗೂ ಒಂದೇ ಲಸಿಕೆಯಾದರೆ ಬೇಗ ಸಿಗುವುದಿಲ್ಲವೇ? ಅಪ್ಪ ಅದಕ್ಕಾಗಿ ಕಾಯಬಹುದೇ?’

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕಾಯಬೇಡಿ. ಗಡ್ಡೆಯ ಪ್ರೋಟೀನಿನ ಚಿಕ್ಕ ತುಣುಕುಗಳನ್ನು (ಪೆಪ್ಟೈಡ್) ತೋರಿಸಿ ರೋಗನಿರೋಧಕ ವ್ಯವಸ್ಥೆಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಈ ಲಸಿಕೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಅದರ ಆಸೆಯಿಂದ ಈಗಿನ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬಾರದು.

ಎಲ್ಲರಿಗೂ ಒಂದೇ ಲಸಿಕೆ ಎಂಬ ದಾರಿಯನ್ನು ವಿಜ್ಞಾನಿಗಳು ಆಗಲೇ ಹಿಡಿದು ನೋಡಿದ್ದಾರೆ. ಹಲವು ಶ್ವಾಸಕೋಶದ ಗಡ್ಡೆಗಳಲ್ಲಿ ಕಾಣುವ ಮೇಜ್-ಎ3 ಎಂಬ ಪ್ರೋಟೀನನ್ನು ಗುರಿಯಾಗಿಸಿದ ಲಸಿಕೆಯನ್ನು, ಶಸ್ತ್ರಚಿಕಿತ್ಸೆಯಾದ 2,200ಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲವೆಂದು 2014ರಲ್ಲಿ ತಿಳಿದುಬಂತು. ಆ ಪ್ರೋಟೀನು ದೇಹದ ಸ್ವಂತ ಜೀನಿನದೇ ಹೊರತು ಕ್ಯಾನ್ಸರಿನ ರೂಪಾಂತರದಿಂದ, ಅಂದರೆ ಜೀನಿನಲ್ಲಾದ ಬದಲಾವಣೆಯಿಂದ, ಹುಟ್ಟಿದ್ದಲ್ಲ. ರೂಪಾಂತರಗೊಂಡ ಪ್ರೋಟೀನಿನ ತುಣುಕುಗಳಾದರೋ ರೋಗನಿರೋಧಕ ವ್ಯವಸ್ಥೆಗೆ ನಿಜವಾಗಿಯೂ ಪರಕೀಯ. ಧೂಮಪಾನದಿಂದ ಬಂದ ಗಡ್ಡೆಗಳಲ್ಲಿ ಇಂಥ ರೂಪಾಂತರಗಳು ನೂರಾರು ಇರಬಹುದು. ಆದರೆ ಒಬ್ಬರ ಗಡ್ಡೆಯಲ್ಲಿರುವ ಬಹುಪಾಲು ಇನ್ನೊಬ್ಬರಲ್ಲಿ ಇರುವುದಿಲ್ಲ. ಅವುಗಳನ್ನು ಟಿ ಕೋಶಗಳಿಗೆ (ರೋಗನಿರೋಧಕ ವ್ಯವಸ್ಥೆಯ ಹೋರಾಟಗಾರ ಕೋಶಗಳಿಗೆ) ಎತ್ತಿ ತೋರಿಸುವ, ಕೋಶದ ಮೇಲ್ಮೈಯ ಎಚ್‌ಎಲ್‌ಎ ಅಣುಗಳೂ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತವೆ. ಆದ್ದರಿಂದಲೇ ಗಡ್ಡೆಯ ಡಿಎನ್‌ಎಯನ್ನು ಅದೇ ವ್ಯಕ್ತಿಯ ರಕ್ತದ ಡಿಎನ್‌ಎಯೊಂದಿಗೆ ಹೋಲಿಸಿ, ಅವರ ಎಚ್‌ಎಲ್‌ಎಗೆ ಅಂಟಬಲ್ಲ ತುಣುಕುಗಳನ್ನು ಗಣಕದಿಂದ ಊಹಿಸಿ, ಆಯ್ದ ಪೆಪ್ಟೈಡುಗಳನ್ನು ಹೊಸದಾಗಿ ಸಂಶ್ಲೇಷಿಸಬೇಕಾಗುತ್ತದೆ.

ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯವರು 2017ರಲ್ಲಿ ಚರ್ಮದ ಮೆಲನೋಮಾ ಕ್ಯಾನ್ಸರಿನ 6 ರೋಗಿಗಳಿಗೆ ಇಂಥ ಲಸಿಕೆ ಕೊಟ್ಟ ವಿವರ ಪ್ರಕಟಿಸಿದರು. 4 ಮಂದಿಯಲ್ಲಿ 25 ತಿಂಗಳಾದರೂ ರೋಗ ಮರುಕಳಿಸಿರಲಿಲ್ಲ. 2020ರಲ್ಲಿ ಶ್ವಾಸಕೋಶದ ಕ್ಯಾನ್ಸರಿನವರೂ ಸೇರಿದ್ದ ಇನ್ನೊಂದು ಪ್ರಯೋಗದಲ್ಲಿ ಲಸಿಕೆಯನ್ನು, ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ನಿವೊಲುಮ್ಯಾಬ್ ಎಂಬ ಔಷಧದ ಜೊತೆಗೆ ಕೊಟ್ಟಾಗ ಹೊಸ ಟಿ ಕೋಶಗಳು ಎಚ್ಚೆತ್ತದ್ದು ಕಂಡಿತು. ಇವು ಚಿಕ್ಕ ಪ್ರಯೋಗಗಳು, ಹೋಲಿಕೆಗೆ ಲಸಿಕೆ ಪಡೆಯದ ಗುಂಪು ಇರಲಿಲ್ಲ. ಹಾಗಾಗಿ ಗುಣವಾದದ್ದರಲ್ಲಿ ಲಸಿಕೆಯ ಪಾಲೆಷ್ಟೆಂದು ಹೇಳಲಾಗದು. ಆದರೂ ದಾರಿ ಸರಿಯಾದದ್ದೆಂದೇ ನಾನು ನಂಬಿದ್ದೇನೆ.

ನನ್ನನ್ನು ಹೆಚ್ಚು ಕಾಡುವುದು ಸಮಯದ ಪ್ರಶ್ನೆ. ಲಸಿಕೆ ಸಿದ್ಧವಾಗಲು ತಿಂಗಳುಗಳೇ ಹಿಡಿದಿವೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಅಷ್ಟು ಕಾಲ ಸುಮ್ಮನಿರುವುದಿಲ್ಲ. ಸೂಜಿಯಿಂದ ತೆಗೆದ ಬಯಾಪ್ಸಿಯ ಚೂರು ಇಷ್ಟೆಲ್ಲ ಪರೀಕ್ಷೆಗಳಿಗೆ ಸಾಲದೆಯೂ ಹೋಗಬಹುದು. ಗಡ್ಡೆಯನ್ನು ತೆಗೆದುಹಾಕಿ, ಅಳಿದುಳಿದ ಕೋಶಗಳನ್ನಷ್ಟೇ ಎದುರಿಸಬೇಕಾದ ಹಂತದಲ್ಲಿ ಈ ಲಸಿಕೆಗೆ ಹೆಚ್ಚಿನ ಅವಕಾಶವಿದೆ ಎಂಬುದು ನನ್ನ ಅನಿಸಿಕೆ.

ಸದ್ಯಕ್ಕೆ ನಿಮ್ಮ ತಂದೆಯವರ ವೈದ್ಯರಲ್ಲಿ ಎರಡು ವಿಷಯ ಕೇಳಿ: ಗಡ್ಡೆಯ ಗುಣ ತಿಳಿಸುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಪರೀಕ್ಷೆಗಳು ಆಗಿವೆಯೇ, ಬಯಾಪ್ಸಿಯ ಅಂಗಾಂಶವನ್ನು ಕಾಪಿಟ್ಟಿದ್ದಾರೆಯೇ. ಮೊದಲನೆಯದರಿಂದ ಇಂದೇ ದೊರೆಯುವ ಔಷಧಗಳಲ್ಲಿ ಯಾವುದು ಹೊಂದುತ್ತದೆಂದು ತಿಳಿಯಲು ನೆರವಾಗುತ್ತದೆ. ಪ್ರಯೋಗವೊಂದಕ್ಕೆ ಸೇರುವ ಅವಕಾಶ ಮುಂದೆ ಬಂದರೆ ಎರಡನೆಯದು ಬೇಕಾಗಬಹುದು.